ನಗರಸಭೆ ಚುನಾವಣೆಗೆ ಪಕ್ಷೇತರಳಾಗಿ ನಿಲ್ಲಬೇಕು ಅಂತಿದ್ದೇನೆ. ಮೊದಲು ಏನು ಮಾಡಲಿ?

ತಿರುವಿನ ಮನೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನಗೆ 41 ವರ್ಷ. ಲೆಕ್ಕಪತ್ರ ನೋಡುವ ಕೆಲಸ. ಯಾವ ಪಕ್ಷದಲ್ಲೂ ಇಲ್ಲ. ನಮ್ಮ ರಸ್ತೆ ತಿರುವಿನಲ್ಲಿದ್ದ ದೀಪದ ಕಂಬ ಲಾರಿ ತಾಗಿ ಬಿದ್ದು ಎರಡು ವರ್ಷ ಆಯಿತು. ಅಲ್ಲಿಂದ ಕತ್ತಲೆಯೇ. ಕಳೆದ ಮಳೆಗಾಲದಲ್ಲಿ ಪಕ್ಕದ ಮನೆ ಅಜ್ಜಿ ಅಲ್ಲೇ ಬಿದ್ದು ಸೊಂಟ ಮುರಿದುಕೊಂಡರು. ನಾನು 6 ಅರ್ಜಿ ಕೊಟ್ಟಿದ್ದೇನೆ. ಆರಕ್ಕೂ ಸ್ವೀಕೃತಿ ಬಂತು, ದೀಪ ಬರಲಿಲ್ಲ. ಏಳನೆಯದು ಬರೆಯಲು ಕೂತಾಗ, ಈ ಅರ್ಜಿಗಳು ಹೋಗಿ ಸೇರುವ ಜಾಗದಲ್ಲಿ ನಾನೇ ಯಾಕೆ ಕೂರಬಾರದು ಅನಿಸಿತು.

ಮನೆಯಲ್ಲಿ ಹೇಳಿದೆ. ಮಗಳು ತಕ್ಷಣ ಒಪ್ಪಿದಳು. ಯಜಮಾನರು ಮಾತ್ರ "ದುಡ್ಡಿಲ್ಲ, ಜನ ಇಲ್ಲ, ನಿನಗೆ ಭಾಷಣ ಬರಲ್ಲ, ಹೇಗೆ?" ಅಂದರು. ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ಹತ್ತು ಜನರ ಮುಂದೆ ನಿಂತರೆ ನನ್ನ ಗಂಟಲು ಒಣಗುತ್ತದೆ. ಚುನಾವಣೆಗೆ ಇನ್ನೂ ಒಂದು ವರ್ಷದಷ್ಟು ಸಮಯ ಇದೆ. ನಿಂತು ಅನುಭವ ಇರುವವರು ದಯವಿಟ್ಟು ಹೇಳಿ, ಎಲ್ಲಿಂದ ಶುರು ಮಾಡಲಿ? ಸೋತರೆ ಇದೇ ಬೀದಿಯಲ್ಲಿ ಓಡಾಡಬೇಕಲ್ವಾ ಅನ್ನೋ ಭಯವೂ ಇದೆ.

ಹಳೇ ಸದಸ್ಯೆ ಬರೆದದ್ದು:

ತಂಗಿ, ನಾನು ಎರಡು ಸಲ ನಿಂತವಳು. ಮೊದಲ ಸಲ 38 ಮತದಿಂದ ಸೋತೆ. ಎರಡನೇ ಸಲ ಗೆದ್ದು ಪೂರ್ತಿ ಅವಧಿ ಕೆಲಸ ಮಾಡಿದೆ. ಎರಡೂ ಸಲ ಪಕ್ಷೇತರಳೇ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಒಂದು ಕರಪತ್ರವನ್ನೂ ಈಗಲೇ ಅಚ್ಚು ಹಾಕಿಸಬೇಡಿ. ಮೊದಲು ನಗರಸಭೆಯ ಸಾಮಾನ್ಯ ಸಭೆಗೆ ಹೋಗಿ ಸುಮ್ನೆ ಕೂತು ಕೇಳಿ. ಬಹಳಷ್ಟು ನಗರಗಳಲ್ಲಿ ಸಾರ್ವಜನಿಕರಿಗೆ ಪ್ರವೇಶ ಇರುತ್ತದೆ. ಹಳೆಯ ಸಭೆಗಳ ನಡಾವಳಿ ಪುಸ್ತಕ, ಈ ವರ್ಷದ ಬಜೆಟ್ ಎರಡನ್ನೂ ಕೇಳಿ ತೆಗೆದುಕೊಳ್ಳಿ. ನಾನು ಇದನ್ನು ಗೆದ್ದ ಮೇಲೆ ಮಾಡಿದೆ, ಮೊದಲೇ ಮಾಡಬೇಕಿತ್ತು. ಸದಸ್ಯರು ಎದ್ದು ನಿಂತು ಜೋರಾಗಿ ಕೇಳುವ ಅರ್ಧಕ್ಕರ್ಧ ಕೆಲಸಗಳ ಹಣೆಬರಹ ಬಜೆಟ್ಟಿನಲ್ಲಿ ತಿಂಗಳುಗಳ ಹಿಂದೆಯೇ ಬರೆದಾಗಿರುತ್ತದೆ. ನೀವು ಲೆಕ್ಕಪತ್ರದವರು. ಆ ಪುಸ್ತಕ ಓದಲು ಬರುವುದು ಭಾಷಣಕ್ಕಿಂತ ದೊಡ್ಡ ಬಲ, ನನ್ನ ಮಾತು ನಂಬಿ.

ಇನ್ನೊಂದು ವಿಷಯ. ಸಭೆಯಲ್ಲಿ ನಿಮ್ಮದು ಒಂದೇ ಮತ. ಅರ್ಧಕ್ಕಿಂತ ಜಾಸ್ತಿ ಕೈ ಎದ್ದರೆ ಮಾತ್ರ ನಿರ್ಣಯ. ಹಾಗಾಗಿ "ಗೆದ್ದರೆ ದೀಪ ಹಾಕಿಸುತ್ತೇನೆ" ಅಂತ ಮಾತು ಕೊಡಬೇಡಿ. "ಸಭೆಯಲ್ಲಿ ಕೇಳುತ್ತೇನೆ, ಯಾರು ಏನು ಉತ್ತರ ಕೊಟ್ಟರು ಅಂತ ನಿಮಗೆ ಬಂದು ಹೇಳುತ್ತೇನೆ" ಅನ್ನಿ. ಇಷ್ಟಾದರೆ ನಿಮ್ಮ ಕೈಯಲ್ಲೇ ಇದೆ. ಆಡಳಿತ ನಡೆಸುವವರು ಯಾರು ಅನ್ನೋದನ್ನೂ ತಿಳಿದುಕೊಳ್ಳಿ. ಕೆಲವು ಕಡೆ ಜನ ನೇರವಾಗಿ ಆರಿಸಿದ ಮೇಯರ್ ಕೈಯಲ್ಲಿ ಅಧಿಕಾರ ಇರುತ್ತದೆ. ಕೆಲವು ಕಡೆ ನೇಮಕವಾದ ಅಧಿಕಾರಿಯ ಕೈಯಲ್ಲಿ. ಅಮೆರಿಕದ ಡೇಟನ್ ನಗರ 1913ರ ದೊಡ್ಡ ಪ್ರವಾಹದ ನಂತರ, 1914ರಲ್ಲಿ, ಈ ಎರಡನೇ ಪದ್ಧತಿಗೆ ಬಂತು. ಅದನ್ನು ನೋಡಿ ಎಷ್ಟೋ ನಗರಗಳು ಹಾಗೇ ಮಾಡಿಕೊಂಡವು. ಅಂಥ ಕಡೆ ಸದಸ್ಯರು ಸಿಬ್ಬಂದಿಗೆ ನೇರವಾಗಿ ಕೆಲಸ ಹೇಳುವಂತಿಲ್ಲ. ಇದು ಗೊತ್ತಿಲ್ಲದೆ ಗೆದ್ದವರು ಮೊದಲ ವರ್ಷ ಬರೀ ಸಿಟ್ಟಿನಲ್ಲೇ ಕಳೆಯುವುದನ್ನು ನೋಡಿದ್ದೇನೆ.

ಭಾಷಣದ ಚಿಂತೆ ಬಿಡಿ. ಮನೆ ಮನೆಗೆ ಹೋಗಿ. ಬಾಗಿಲಲ್ಲಿ ಒಬ್ಬರೋ ಇಬ್ಬರೋ ಇರುತ್ತಾರೆ, ಅಷ್ಟೇ. ಮೊದಲ ಸಲ ನಾನು ಕರಪತ್ರ, ಫೋನು ಅಂತ ನಂಬಿ ಕೂತೆ. 1998ರಲ್ಲಿ ಅಮೆರಿಕದ ನ್ಯೂ ಹೇವನ್ ನಗರದಲ್ಲಿ ಗರ್ಬರ್ ಮತ್ತು ಗ್ರೀನ್ ಎಂಬ ಇಬ್ಬರು ಸಂಶೋಧಕರು ಸುಮಾರು 30,000 ಮತದಾರರನ್ನು ಗುಂಪು ಮಾಡಿ ಪರೀಕ್ಷಿಸಿದ್ದರು. ಮನೆಗೆ ಹೋಗಿ ಎದುರಾ ಎದುರು ಮಾತಾಡಿಸಿದವರಲ್ಲಿ ಮತದಾನ ಚೆನ್ನಾಗಿ ಹೆಚ್ಚಿತು. ಫೋನ್ ಕರೆಯಿಂದ ಏನೂ ಹೆಚ್ಚಲಿಲ್ಲ. ಇದನ್ನು ನಾನು ಓದಿದ್ದು ಸೋತ ಮೇಲೆ. ಓದಿ ತುಂಬಾ ಹೊತ್ತು ಹಾಗೇ ಕೂತಿದ್ದೆ. 38 ಮತ ಅಂದರೆ ಎಷ್ಟು ಬಾಗಿಲು ಅಂತ ಎಣಿಸುತ್ತಾ.

ಎರಡನೇ ಸಲ ಒಂದು ನೋಟ್‌ಪುಸ್ತಕ ಹಿಡಿದು ಹೊರಟೆ. ಪ್ರತಿ ಮನೆಗೆ ಒಂದು ಸಾಲು. ಕೇಳುತ್ತಿದ್ದದ್ದು ಒಂದೇ: "ಈ ಬೀದಿಯಲ್ಲಿ ಯಾವುದಾದರೂ ಒಂದು ಸರಿಯಾಗಬೇಕು ಅಂದರೆ ಯಾವುದು?" ಕೇಳಿ ಬಾಯಿ ಮುಚ್ಚಿ ನಿಲ್ಲಬೇಕು. ಅದೇ ಕಷ್ಟ. ಒಬ್ಬರು ಹಿರಿಯರು ಐದು ನಿಮಿಷ ಯೋಚಿಸಿ, ಬಸ್ ನಿಲ್ದಾಣದಲ್ಲಿ ಕೂರಲು ಜಾಗ ಇಲ್ಲ ಅಂದರು. ನನ್ನ ಪಟ್ಟಿಯಲ್ಲಿ ಅದು ಇರಲೇ ಇಲ್ಲ. ಆ ಬೀದಿಯಲ್ಲಿ ಮುಂದೆ ಹನ್ನೊಂದು ಮನೆಯವರು ಅದನ್ನೇ ಹೇಳಿದರು.

ಸೋಲಿನ ಬಗ್ಗೆ. ಸ್ಯಾನ್ ಫ್ರಾನ್ಸಿಸ್ಕೋದ ಹಾರ್ವೆ ಮಿಲ್ಕ್ 1973ರಲ್ಲಿ ನಗರ ಮಂಡಳಿಗೆ ನಿಂತು ಸೋತರು. 1975ರಲ್ಲೂ ಸೋತರು. ಆಗ ಇಡೀ ನಗರವೇ ಒಂದು ಕ್ಷೇತ್ರ. ಅದು ವಾರ್ಡುವಾರು ಚುನಾವಣೆಯಾಗಿ ಬದಲಾದ ಮೇಲೆ 1977ರಲ್ಲಿ ಗೆದ್ದರು. ತಮ್ಮ ಬೀದಿಗಳ ಜನ ಅವರನ್ನು ಮೊದಲಿನಿಂದ ಬಲ್ಲವರಾಗಿದ್ದರು. ನಾನು ಸೋತ ಮಾರನೇ ದಿನ ಹೊರಗೆ ಹೋಗಲು ನಿಜಕ್ಕೂ ಅಂಜಿದೆ. ಆದರೆ ಎದುರು ಸಿಕ್ಕವರು "ಆ ಚರಂಡಿ ವಿಷಯ ಬಿಡಬೇಡಿ" ಅಂತಲೇ ಮಾತು ಶುರು ಮಾಡಿದರು.

ಕಾಗದಪತ್ರ ಬರೆದದ್ದು:

ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನಾಮಪತ್ರವನ್ನು ಹಗುರವಾಗಿ ನೋಡಬೇಡಿ. ನನ್ನ ಅಣ್ಣನ ನಾಮಪತ್ರ ತಿರಸ್ಕಾರವಾಯಿತು. ಕಾರಣ, ಸಹಿ ಹಾಕಿದ ಸೂಚಕರ, ಅಂದರೆ ಅಣ್ಣನ ಹೆಸರು ಸೂಚಿಸಿದವರ, ಹೆಸರು ಪಕ್ಕದ ವಾರ್ಡಿನ ಮತದಾರರ ಪಟ್ಟಿಗೆ ಹೋಗಿತ್ತು. ವಾರ್ಡ್ ಗಡಿ ಬದಲಾಗಿತ್ತು, ನಾವು ಹಳೇ ಪಟ್ಟಿ ಹಿಡಿದು ಕೂತಿದ್ದೆವು. ಒಂದು ವರ್ಷದ ಓಡಾಟ ಅರ್ಧ ಗಂಟೆಯಲ್ಲಿ ಮುಗಿಯಿತು. ಅಣ್ಣ ಆ ರಾತ್ರಿ ಊಟ ಮಾಡಲಿಲ್ಲ.

ನಿಯಮ ಒಂದೊಂದು ಕಡೆ ಒಂದೊಂದು ಥರ. ಭಾರತದಲ್ಲಿ ನಗರ ಸಂಸ್ಥೆಗೆ ನಿಲ್ಲಲು 21 ವರ್ಷ ತುಂಬಿರಬೇಕು, ಬ್ರಿಟನ್‌ನಲ್ಲಿ 18 ಸಾಕು. ಅಲ್ಲಿ ಕೌನ್ಸಿಲ್ ಚುನಾವಣೆಗೆ ಠೇವಣಿಯೂ ಇಲ್ಲ. ಯಾರೋ ಹೇಳಿದರು ಅಂತ ನಂಬದೆ ಚುನಾವಣಾ ಕಚೇರಿಯ ಹೊಸ ಕೈಪಿಡಿಯನ್ನೇ ಓದಿ. ಕೊನೇ ದಿನಕ್ಕೆ ಕಾಯಬೇಡಿ. ಎರಡು ದಿನ ಮೊದಲೇ ಕೊಟ್ಟರೆ ತಪ್ಪು ತಿದ್ದಲು ಸಮಯ ಸಿಗುತ್ತದೆ. ಖರ್ಚಿನ ಪುಸ್ತಕ ಮೊದಲ ದಿನದಿಂದ ಬರೆಯಿರಿ, ಅದು ನಿಮಗೆ ಹೇಳಿಕೊಡಬೇಕಿಲ್ಲ.

ನಡುಮನೆ ಬರೆದದ್ದು:

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಪಕ್ಷ ಸೇರಿದರೆ ಮತಗಟ್ಟೆಗೆ ಏಜೆಂಟ್ ಸಿಗುತ್ತಾರೆ, ಸಭೆಯಲ್ಲಿ ಜೊತೆಗೆ ಕೈ ಎತ್ತುವವರು ಸಿಗುತ್ತಾರೆ. ಒಬ್ಬರೇ ನಿಂತು ಸುಸ್ತಾಗಿ ಬಿಟ್ಟವರನ್ನು ನಾನು ಬಲ್ಲೆ. ಯೋಚನೆ ಮಾಡಿ.

ಹಳೇ ಸದಸ್ಯೆ ಬರೆದದ್ದು:

ಏಜೆಂಟ್ ವಿಷಯ ಖಂಡಿತ ನಿಜ. ಪ್ರತಿ ಮತಗಟ್ಟೆಗೂ ಎಣಿಕೆ ಮೇಜಿಗೂ ನಂಬಿಕೆಯ ಒಬ್ಬರು ಬೇಕು. ಅವರನ್ನು ಈಗಿನಿಂದಲೇ ಹುಡುಕಿ. ಸಭೆಯಲ್ಲಿ ಕೈ ಎತ್ತುವವರ ವಿಷಯದಲ್ಲಿ ಮಾತ್ರ ನಾನು ಒಪ್ಪಲಾರೆ. ಬಸ್ ನಿಲ್ದಾಣದ ಬೆಂಚಿಗೆ ನನ್ನ ಪರ ಮತ ಹಾಕಿದವರು ಮೂರು ಬೇರೆ ಬೇರೆ ಪಕ್ಷದವರು. ಒಬ್ಬೊಬ್ಬರ ಹತ್ತಿರವೂ ಹೋಗಿ, ಅವರ ವಾರ್ಡಿನ ಒಂದು ಕೆಲಸಕ್ಕೆ ನಾನೂ ನಿಲ್ಲುತ್ತೇನೆ ಅಂತ ಹೇಳಿ ಬಂದಿದ್ದೆ. ಹೇಳಿದ ಹಾಗೆ ನಿಂತೆ ಕೂಡ. ಏಳು ತಿಂಗಳು ಹಿಡಿಯಿತು.

ತಿರುವಿನ ಮನೆ ಬರೆದದ್ದು:

ಎಲ್ಲರಿಗೂ ಮನಸಾರೆ ಥ್ಯಾಂಕ್ಸ್. ನಿನ್ನೆ ಸಭೆಗೆ ಹೋಗಿದ್ದೆ. ಸಾರ್ವಜನಿಕರ ಸಾಲಿನಲ್ಲಿ ನಾನೂ ಸೇರಿ ಮೂವರೇ ಇದ್ದೆವು. ಸಂಜೆ ಬಜೆಟ್ ಪುಸ್ತಕ ತಂದು ರಾತ್ರಿ ಓದಿದೆ. ದೀಪಗಳ ರಿಪೇರಿಗೆ ಒಂದು ಬಾಬ್ತು, ಹೊಸ ಕಂಬ ನೆಡುವುದಕ್ಕೆ ಬೇರೆ ಬಾಬ್ತು. ನನ್ನ 6 ಅರ್ಜಿಗಳಲ್ಲೂ "ದೀಪ ಸರಿಪಡಿಸಿ" ಅಂತಲೇ ಬರೆದಿದ್ದೇನೆ. ಕಂಬವೇ ಇಲ್ಲದ ಕಡೆ ರಿಪೇರಿಯವರು ಏನು ಮಾಡಬೇಕು? ಅವರು ಅದನ್ನು ಯಾರಿಗೂ ದಾಟಿಸಲಿಲ್ಲ, ನನಗೂ ತಿಳಿಸಲಿಲ್ಲ. ಹೊಸ ಕಂಬದ ಬಾಬ್ತಿನಲ್ಲಿ ಈ ವರ್ಷ ಇಟ್ಟ ಹಣ ಇನ್ನೂ ಪೂರ್ತಿ ಖರ್ಚಾಗಿಲ್ಲ.

ಏಳನೇ ಅರ್ಜಿ ಹೊಸ ಕಂಬಕ್ಕೆ ಅಂತ ಬರೆದೆ, ಪುಟದ ಸಂಖ್ಯೆ ಸಮೇತ. ನೋಟ್‌ಪುಸ್ತಕವನ್ನೂ ತಂದಿದ್ದೇನೆ. ಶನಿವಾರ ಮನೆಗಳಿಗೆ ಹೊರಡುತ್ತೇನೆ, ಅಜ್ಜಿ ಮನೆಯಿಂದ. ಜೊತೆಗೆ ಯಜಮಾನರೂ ಬರುತ್ತಾರಂತೆ.