ಸಹಾಯ ಬೇಕು: ಶಿವಮೊಗ್ಗದಲ್ಲಿ ಗುಂಪಾಗಿ ಸ್ಕೇಟಿಂಗ್ ಹೋಗುವವರು ಇದ್ದೀರಾ?

ನಮಸ್ಕಾರ ಎಲ್ಲರಿಗೂ. ದಸರಾ ರಜೆಗೆ ವಿನೋಬನಗರದ ಅತ್ತೆ ಮನೆಗೆ ಬರುತ್ತಿದ್ದೇನೆ, ಇನ್‌ಲೈನ್ ಸ್ಕೇಟ್ಸ್ (ಚಕ್ರಗಳು ಒಂದೇ ಸಾಲಿನಲ್ಲಿರುವ ಸ್ಕೇಟ್ಸ್) ಜೊತೆಗೇ ತರುತ್ತೇನೆ. ಬೆಳಿಗ್ಗೆ ಗುಂಪು ಕಟ್ಟಿಕೊಂಡು ಹೋಗುವವರಿದ್ದರೆ ಹೊರಗಿನವರನ್ನು ಸೇರಿಸಿಕೊಳ್ಳುತ್ತೀರಾ? ಎಲ್ಲಿ, ಎಷ್ಟು ಹೊತ್ತಿಗೆ ಬರಬೇಕು?

ನನ್ನ ಚಿಂತೆ ಎಲ್ಲ ರಸ್ತೆಯದ್ದೇ. ನನ್ನವು 80 ಮಿ.ಮೀ. ಚಕ್ರಗಳು. ಸಣ್ಣ ಜಲ್ಲಿಕಲ್ಲು ಸಿಕ್ಕರೂ ಚಕ್ರ ಅಲ್ಲೇ ನಿಂತು ಮೈ ಮುಂದಕ್ಕೆ ಹೋಗುತ್ತದೆ. ಮಳೆ ಬಿಟ್ಟ ಮೇಲೂ ಮರದಡಿ ಪಾಚಿ ಇರುತ್ತದೆ, ಅಲ್ಲಿ ಹಿಮ್ಮಡಿಯ ಬ್ರೇಕ್ ಹಿಡಿಯುವುದೇ ಇಲ್ಲ. ಫ್ರೀಡಂ ಪಾರ್ಕ್ ಅಥವಾ ನೆಹರೂ ಸ್ಟೇಡಿಯಂ ಕಡೆ ನುಣುಪಾದ ಡಾಂಬರು ಇದೆಯಾ? ತುಂಗಾ ಸೇತುವೆ ಕಡೆ ಬೇಡ, ಬಸ್ಸು ಲಾರಿ ಜಾಸ್ತಿ ಅಲ್ವಾ.

ಹೆಲ್ಮೆಟ್, ಮಣಿಕಟ್ಟು ಮತ್ತು ಮಂಡಿ ಗಾರ್ಡ್ ಎಲ್ಲ ಇವೆ. ಮಗಳೂ ಬರುತ್ತಾಳೆ, ಈಗಷ್ಟೇ ನಿಲ್ಲಿಸುವುದು ಕಲಿತಿದ್ದಾಳೆ. ನಿಧಾನಕ್ಕೆ ಹೋಗುವ ಗುಂಪು ಇದ್ದರೆ ದಯವಿಟ್ಟು ತಿಳಿಸಿ.