ಹಳೇ ಬೆಂಜ್ ತಗೊಳ್ಳಬಹುದಾ? ಇಟ್ಟುಕೊಂಡವರ ಅನುಭವ

ಪ್ರಶ್ನೆ, ದಾವಣಗೆರೆಯಿಂದ

ಕೈಯಲ್ಲಿ 10 ಲಕ್ಷ ಇದೆ. 2013ರ ಬೆಂಜ್ ಇ250 ಸಿಡಿಐ (ಡೀಸೆಲ್) ಒಂದು ನೋಡಿದ್ದೇನೆ. ದೆಹಲಿ ನಂಬರ್, 92,000 ಕಿಲೋಮೀಟರ್ ಓಡಿದೆ, 9 ಲಕ್ಷ ಹೇಳುತ್ತಿದ್ದಾರೆ. ಬೆಂಜ್‌ನಲ್ಲಿ ಓಡಾಡಬೇಕು ಅನ್ನೋದು ಅಪ್ಪನ ಬಹಳ ದಿನದ ಆಸೆ. ತಗೊಳ್ಳಲಾ? ಇಟ್ಟುಕೊಂಡವರು ದಯವಿಟ್ಟು ಹೇಳಿ.

ಉತ್ತರ, ಮೈಸೂರಿನಿಂದ

ಅದೇ ಗಾಡಿ, ಅದೇ ವರ್ಷದ್ದು 2021ರಿಂದ ನನ್ನ ಹತ್ತಿರ ಇದೆ. ತಗೊಂಡಾಗ 64,000 ಓಡಿತ್ತು, ಈಗ 1,18,000 ದಾಟಿದೆ. ಮಾರುವ ಯೋಚನೆಯೇ ಇಲ್ಲ. ಆದರೆ 10 ಲಕ್ಷದಲ್ಲಿ 9 ಗಾಡಿಗೇ ಹೋಗುತ್ತದೆ ಅಂದಿರಲ್ಲ, ಅಲ್ಲೇ ನನಗೆ ಭಯವಾಯಿತು.

ಹೊಸದರಲ್ಲಿ 40 ಲಕ್ಷ ದಾಟಿದ್ದ ಗಾಡಿ ಇದು. ಈಗ ಗಾಡಿಯ ಬೆಲೆ ಇಳಿದಿದೆ, ಸ್ಪೇರ್ ಪಾರ್ಟ್ಸ್ ಬೆಲೆ ಇಳಿದಿಲ್ಲ. ಮೊದಲ ವರ್ಷ ನನಗೆ ಆದ ಖರ್ಚು ಹೇಳುತ್ತೇನೆ. ನಾಲ್ಕು ಟೈರಿಗೆ 60,000. ಮುಂದಿನ ಚಕ್ರಗಳನ್ನು ಹಿಡಿದಿಡುವ ಲೋವರ್ ಆರ್ಮ್, ಅದರ ರಬ್ಬರ್ ಬುಷ್‌ಗಳಿಗೆ 45,000. ಗೇರ್‌ಬಾಕ್ಸ್ ಆಯಿಲ್, ಫಿಲ್ಟರ್ ಸೇರಿ 28,000. ಬ್ಯಾಟರಿಗೆ 18,000. ಒಟ್ಟು ಒಂದೂವರೆ ಲಕ್ಷ, ಅದೂ ಹೊರಗಿನ ಗ್ಯಾರೇಜಿನಲ್ಲಿ. ಗಾಡಿ ಒಂದು ದಿನವೂ ದಾರಿಯಲ್ಲಿ ಕೈ ಕೊಟ್ಟಿರಲಿಲ್ಲ. ಎಲ್ಲವೂ ವಯಸ್ಸಿಗೆ ಬರುವ ಕೆಲಸ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, ನೋಡಿ. 3415 ಅಂದರೆ 2015ರ 34ನೇ ವಾರದ್ದು. ನನ್ನ ಗಾಡಿಯದ್ದು ಅದೇ ಆಗಿತ್ತು. ಟೈರ್ ಸವೆದಿರಲಿಲ್ಲ, ಆದರೆ ರಬ್ಬರ್ ಕಲ್ಲಿನ ಹಾಗೆ ಗಟ್ಟಿ.

ಗೇರ್‌ಬಾಕ್ಸ್ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು. ಮಾರಿದವರು “ಲೈಫ್‌ಟೈಮ್ ಆಯಿಲ್, ಮುಟ್ಟೋದೇ ಬೇಡ” ಅಂದಿದ್ದರು. ಸಿಗ್ನಲ್‌ನಲ್ಲಿ ನಿಲ್ಲಿಸುವಾಗ ಎರಡರಿಂದ ಒಂದಕ್ಕೆ ಇಳಿಯುವ ಹೊತ್ತಿಗೆ ಸಣ್ಣ ಜರ್ಕ್ ಬರುತ್ತಿತ್ತು. ಆಯಿಲ್ ಇಳಿಸಿದ ದಿನ ಪಕ್ಕದಲ್ಲೇ ಕೂತು ನೋಡಿದೆ. ಡಿಕಾಕ್ಷನ್ ಹಾಗೆ ಕಪ್ಪಗಿತ್ತು. ಪ್ಯಾನಿನ ತಳದ ಆಯಸ್ಕಾಂತಕ್ಕೆ ಬೂದು ಬಣ್ಣದ ಪೇಸ್ಟ್ ಮೆತ್ತಿಕೊಂಡಿತ್ತು. ಮೆಕ್ಯಾನಿಕ್ ಅದನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿ, “ನುಣ್ಣಗಿದೆ ಸರ್, ಲೋಹದ ಚೂರಿಲ್ಲ, ಬಚಾವಾದಿರಿ” ಅಂದರು. ಹೊಸ ಆಯಿಲ್ ಹಾಕಿದ ಮೇಲೆ ಜರ್ಕ್ ಹೋಯಿತು. ಈಗ 60,000 ಕಿಲೋಮೀಟರ್‌ಗೊಮ್ಮೆ ತಪ್ಪದೆ ಮಾಡಿಸಬೇಕು ಅಂತ ಡೈರಿಯಲ್ಲಿ ಬರೆದಿಟ್ಟಿದ್ದೇನೆ.

ಗಾಡಿ ನೋಡಲು ಬೆಳಿಗ್ಗೆ ಹೋಗಿ. ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಅಂತ ಮೊದಲೇ ಹೇಳಿ. ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ಇನ್ನೊಂದು ದಿನ ಬನ್ನಿ. ತಣ್ಣಗಿರುವ ಇಂಜಿನ್ ಸ್ಟಾರ್ಟ್ ಆದ ಮೊದಲ ಕೆಲವು ಸೆಕೆಂಡ್‌ನಲ್ಲಿ ಸರಪಳಿ ಅಲ್ಲಾಡಿಸಿದ ಹಾಗೆ ಸದ್ದು ಬಂದರೆ ಟೈಮಿಂಗ್ ಚೈನ್ (ಇಂಜಿನ್ ಒಳಗೆ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ಆಡಿಸುವ ಸರಪಳಿ) ಸವೆದಿರುವ ಅನುಮಾನ. ಈ ಇಂಜಿನ್‌ನಲ್ಲಿ ಚೈನ್ ಇರುವುದು ಗೇರ್‌ಬಾಕ್ಸ್ ಕಡೆಗೆ. ಹಾಗಾಗಿ ಬಿಚ್ಚುವ ಕೂಲಿಯೇ ದೊಡ್ಡದು. ಬಿಸಿ ಇಂಜಿನ್‌ನಲ್ಲಿ ಆ ಸದ್ದು ಕೇಳಿಸದೆ ಹೋಗಬಹುದು.

ಉತ್ತರ, ಬೆಂಗಳೂರಿನಿಂದ

ನಾನು ಗ್ಯಾರೇಜ್ ಇಟ್ಟುಕೊಂಡಿದ್ದೇನೆ, ಜರ್ಮನ್ ಗಾಡಿಗಳ ಕೆಲಸವೇ ಜಾಸ್ತಿ. ಮೈಸೂರಿನ ಸರ್ ಹೇಳಿದ್ದೆಲ್ಲ ಸರಿ. ನೀರಿನ ವಿಷಯ ನಾನು ಸೇರಿಸುತ್ತೇನೆ.

2022ರ ಸೆಪ್ಟೆಂಬರ್‌ನಲ್ಲಿ ಯಮಲೂರು ಕಡೆ ದೊಡ್ಡ ದೊಡ್ಡ ಕಾರುಗಳು ಮುಳುಗಿದ್ದವು. 2023ರ ಜುಲೈನಲ್ಲಿ ದೆಹಲಿಯಲ್ಲಿ ಯಮುನೆ ಉಕ್ಕಿತ್ತು. ಮುಳುಗಿದ ಗಾಡಿ ತೊಳೆದು ಪಾಲಿಶ್ ಮಾಡಿದರೆ ಕಣ್ಣಿಗೆ ಗೊತ್ತಾಗುವುದಿಲ್ಲ. ಸೀಟ್ ಬೆಲ್ಟ್ ಪೂರ್ತಿ ಎಳೆಯಿರಿ, ಕೊನೆಯವರೆಗೂ. ಒಳಗೆ ಸುತ್ತಿಕೊಂಡಿರುವ ಭಾಗವನ್ನು ಯಾರೂ ತೊಳೆಯುವುದಿಲ್ಲ, ಅಲ್ಲಿ ಮಣ್ಣಿನ ಗೆರೆ ಉಳಿದಿರುತ್ತದೆ. ಸ್ಟೆಪ್ನಿ ಇಡುವ ಗುಂಡಿಯನ್ನೂ ಮುಟ್ಟಿ ನೋಡಿ.

ಮುಂದಿನ ಗಾಜಿನ ಕೆಳಗೆ ನೀರು ಹೋಗುವ ತೂತುಗಳಿವೆ. ಮರದ ಕೆಳಗೆ ನಿಲ್ಲಿಸಿದರೆ ಎಲೆ ಕಟ್ಟಿಕೊಂಡು ನೀರು ಒಳಕ್ಕೆ ಇಳಿಯುತ್ತದೆ. ಮಳೆಗಾಲಕ್ಕೆ ಮುಂಚೆ ಕೈ ಹಾಕಿ ತೆಗೆಯಿರಿ. ಹತ್ತು ನಿಮಿಷದ ಕೆಲಸ, ಉಳಿಯುವುದು ಸಾವಿರಾರು ರೂಪಾಯಿಯ ವೈರಿಂಗ್.

92,000 ಅನ್ನೋದನ್ನು ಸುಮ್ನೆ ನಂಬಬೇಡಿ. ಚಾಸಿಸ್ ನಂಬರ್ ಕೊಟ್ಟು ಶೋರೂಮಿನ ಸರ್ವೀಸ್ ರೆಕಾರ್ಡ್ ತೆಗೆಸಿ. ಬ್ರೇಕ್ ಪೆಡಲಿನ ರಬ್ಬರ್ ಸವೆದು ನುಣುಪಾಗಿದ್ದು ಮೀಟರ್ ಮಾತ್ರ ಕಡಿಮೆ ತೋರಿಸುತ್ತಿದ್ದರೆ ಕೈ ಬಿಡಿ. ಸ್ಪೇರ್ಸ್‌ಗೆ ಜೆ.ಸಿ. ರಸ್ತೆ ಇದೆ. ಲೈಟು, ಕನ್ನಡಿ ಥರದ್ದು ಶಿವಾಜಿನಗರದಲ್ಲಿ ಹಳೆಯದು ಸಿಕ್ಕರೂ ನಡೆಯುತ್ತದೆ. ಇಂಜೆಕ್ಟರ್, ಬ್ರೇಕ್ ಸಾಮಾನು ಮಾತ್ರ ಹಳೆಯದು ಹಾಕಿಸಲೇಬೇಡಿ.

ಉತ್ತರ, ಹುಬ್ಬಳ್ಳಿಯಿಂದ

ನನ್ನದು ಬೇರೆ ಕಂಪನಿಯ ಗಾಡಿ, ಆದರೆ ದೆಹಲಿಯಿಂದಲೇ ತಂದದ್ದು. ಅಲ್ಲಿ 10 ವರ್ಷ ದಾಟಿದ ಡೀಸೆಲ್‌ಗೆ ನಿರ್ಬಂಧ ಬಂದಿದ್ದರಿಂದ ಅಗ್ಗಕ್ಕೆ ಸಿಗುತ್ತವೆ. ಆ ಅಗ್ಗದಲ್ಲಿ ಒಂದು ಪಾಲು ಇಲ್ಲಿನ ಆರ್‌ಟಿಒಗೆ ಹೋಗುತ್ತದೆ ಅಂತ ಲೆಕ್ಕ ಇಟ್ಟುಕೊಳ್ಳಿ. ಅಲ್ಲಿನ ಆರ್‌ಟಿಒನಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತರಬೇಕು, ಇಲ್ಲಿ ಮರು ನೋಂದಣಿ ಮಾಡಿಸಬೇಕು, ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಬೇಕು. ವಯಸ್ಸು ನೋಡಿ ಟ್ಯಾಕ್ಸ್ ಇಳಿಸುತ್ತಾರೆ. ಆದರೆ ಲೆಕ್ಕ ಶುರುವಾಗುವುದು ಗಾಡಿ ಹೊಸದಾಗಿದ್ದಾಗಿನ ಬೆಲೆಯಿಂದ, ನೀವು ಕೊಡುವ 9 ಲಕ್ಷದಿಂದಲ್ಲ. ಅಡ್ವಾನ್ಸ್ ಕೊಡುವ ಮುಂಚೆ ಆರ್‌ಟಿಒನಲ್ಲಿ ಲೆಕ್ಕ ಹಾಕಿಸಿ. 2028ಕ್ಕೆ 15 ವರ್ಷ ಆಗುತ್ತದೆ, ಆಗ ನೋಂದಣಿ ನವೀಕರಣವೂ ಬರುತ್ತದೆ. ಲೋನ್ ತೀರಿದೆಯಾ ಅಂತ ಆರ್‌ಸಿಯಲ್ಲಿ ನೋಡಿ. ಬ್ಯಾಂಕಿನ ಹೆಸರು ಹಾಗೇ ಇದ್ದರೆ ಮೊದಲು ಅದನ್ನು ತೆಗೆಸಲಿ.

ಮೈಸೂರಿನಿಂದ ಮತ್ತೆ

ಟ್ಯಾಕ್ಸ್ ವಿಷಯ ನನಗೆ ಹೊಳೆದಿರಲಿಲ್ಲ, ನನ್ನದು ಕರ್ನಾಟಕದ್ದೇ ನಂಬರ್. ಅದನ್ನೂ ಸೇರಿಸಿದರೆ ಈ ಗಾಡಿಗೆ ನಿಮ್ಮ 10 ಲಕ್ಷ ಸಾಲುವುದಿಲ್ಲ. 6ರಿಂದ 7 ಲಕ್ಷದ ಒಳಗೆ, ಕೆಎ ನಂಬರಿನದ್ದು, ಒಬ್ಬರೇ ಓನರ್ ಇಟ್ಟುಕೊಂಡದ್ದು ಸಿಗುವವರೆಗೆ ಕಾಯಿರಿ. ಉಳಿದದ್ದನ್ನು ಬ್ಯಾಂಕಿನಲ್ಲಿ ಬೇರೆ ಇಡಿ, ಅದು ಗಾಡಿಯದೇ ದುಡ್ಡು.

ಅಷ್ಟರಲ್ಲಿ ಮೆಕ್ಯಾನಿಕ್ ಹುಡುಕಿ. ನಿಮ್ಮಲ್ಲಿಂದ ಬೆಂಗಳೂರು ಸುಮಾರು 260 ಕಿಲೋಮೀಟರ್. ಪ್ರತಿ ಸಣ್ಣ ಕೆಲಸಕ್ಕೂ ಅಷ್ಟು ದೂರ ಹೋಗಲು ಆಗುವುದಿಲ್ಲ. ಗಾಡಿಯ ಕಂಪ್ಯೂಟರ್ ಓದಿ ದೋಷ ಹೇಳುವ ಸ್ಕ್ಯಾನರ್ ಇರುವ, ಬೆಂಜ್ ಬಿಚ್ಚಿ ಗೊತ್ತಿರುವ ಒಬ್ಬರು ದಾವಣಗೆರೆಯಲ್ಲೋ ಹುಬ್ಬಳ್ಳಿಯಲ್ಲೋ ಸಿಕ್ಕರೆ ಗಾಡಿ ನೋಡಲು ಅವರನ್ನೇ ಕರೆದುಕೊಂಡು ಹೋಗಿ. ಅಪ್ಪನನ್ನು ಮೊದಲ ಸಲ ಬೇಡ. ಅವರು ಹಿಂದಿನ ಸೀಟಿನಲ್ಲಿ ಒರಗಿ ಕೂತು ಒಮ್ಮೆ ನಕ್ಕರೆ ಸಾಕು, ನಿಮಗೆ ಬೇಡ ಅನ್ನಲು ಆಗುವುದಿಲ್ಲ. ಎಲ್ಲ ನೋಡಿ ಮುಗಿದ ಮೇಲೆ, ಎರಡನೇ ಸಲ ಕರೆದುಕೊಂಡು ಹೋಗಿ.