ನಾಲ್ಕನೇ ಕ್ರಾಸಿಗೆ ಮತ್ತೆ ಕಾಡಿನ ನೀರು

ಕೊನೆಮನೆ ಟೀಚರ್, ರಾತ್ರಿ 2.51
ಯಾರಾದರೂ ಎದ್ದಿದ್ದೀರಾ? ಇಲ್ಲ ಅಲ್ವಾ. ನಿಮ್ಮ ಮನೆಗೆ ನೀರು ನುಗ್ಗಿಲ್ಲವಲ್ಲ, ಹಾಯಾಗಿ ಮಲಗಿ. ನಮ್ಮ ಹಾಲ್‌ನಲ್ಲಿ ಮೊಣಕಾಲುದ್ದ ಕೆಂಪು ನೀರು. ಅಕೇಶಿಯಾ ಎಲೆ, ಥರ್ಮಾಕೋಲ್ ತಟ್ಟೆ, ಯಾರದೋ ಮನೆಯ ಟೈಲ್ಸ್ ಚೂರು, ಎಲ್ಲಾ ಬಂದಿವೆ. ಅತ್ತೆಯವರನ್ನು ಮಂಚದ ಮೇಲೆ ಕೂರಿಸಿದ್ದೇನೆ. ಫ್ರಿಜ್ ಕಥೆ ಮುಗಿಯಿತು. ಹೋದ ವರ್ಷ ಇದೇ ಗುಂಪಿನಲ್ಲಿ "ಮುಂದಿನ ಮಳೆಗಾಲದೊಳಗೆ ಮಾಡಿಸೋಣ" ಎಂದವರು ಈಗ ಬಂದು ನೋಡಿ.

ಕೊನೆಮನೆ ಟೀಚರ್, ರಾತ್ರಿ 3.07
ಹಿಂದಿನ ಕಾಡಿನ ಗಡಿ ಅಗಳ ತುಂಬಿ ಕಾಂಪೌಂಡ್ ಮೇಲಿಂದ ಬರುತ್ತಿದೆ. ವಾಕಿಂಗ್ ದಾರಿ ಇರುವ ಕಡೆಯಿಂದಲೇ. ಬರೆದಿಟ್ಟುಕೊಳ್ಳಿ.

3ನೇ ಕ್ರಾಸ್ ಅಜ್ಜ, ಬೆಳಗ್ಗೆ 5.10
🌹 ಶುಭೋದಯ. ನಗುನಗುತ್ತಾ ದಿನ ಆರಂಭಿಸಿ 🌹

ಮಿಲ್ಕ್ ಬೂತ್, 5.32
ಅಜ್ಜ, ಸ್ವಲ್ಪ ಮೇಲೆ ಓದಿ.

2ನೇ ಕ್ರಾಸ್ ಎಂಜಿನಿಯರ್ ಮನೆಯವರು, 5.48
ಇವತ್ತು ಶಾಲೆಗೆ ರಜೆ ಕೊಟ್ಟಿದ್ದಾರಾ? ಹೊಸನಗರ, ತೀರ್ಥಹಳ್ಳಿಗೆ ಮಾತ್ರ ಅಂತಾರೆ. ನಮ್ಮದೂ ಸೇರಿದೆಯಾ?

ಮಾಜಿ ಅಧ್ಯಕ್ಷರು, 6.20
ಟೀಚರಮ್ಮ, ಓದಿ ಬೇಜಾರಾಯಿತು. ನಾನು ಮೊದಲಿಂದಲೂ ಹೇಳುತ್ತಲೇ ಇದ್ದೇನೆ. ಅಗಳ ತೆಗೆದದ್ದು ಅರಣ್ಯ ಇಲಾಖೆ. ಅಕೇಶಿಯಾ ನೆಟ್ಟದ್ದು ಇಲಾಖೆ. ನೀರೂ ಅವರದ್ದೇ. ನಮ್ಮ ಚರಂಡಿ ಫಾರೆಸ್ಟ್ ಗಡಿ ಕಲ್ಲಿನ ಹತ್ತಿರ ಬಂದು ನಿಂತಿದೆ. ಅಲ್ಲಿಂದ ಹಳ್ಳಕ್ಕೆ ಅರವತ್ತು ಮೀಟರ್. ಒಂದು ಜೆಸಿಬಿ, ಒಂದು ರಾತ್ರಿ. ಬೆಳಗಾಗುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಆಮೇಲೆ ಯಾರು ಬಂದು ಮುಚ್ಚುತ್ತಾರೋ ನೋಡೋಣ. ಮನೆಗೆ 500 ಹಾಕಿ. ಮೊದಲ 500 ನನ್ನದು.

ಫಾರೆಸ್ಟರ್ ಸರ್ (ರಿಟೈರ್ಡ್), 6.44
ಮುಚ್ಚೋಕೆ ಯಾರೂ ಬರೋಲ್ಲ. ಜೆಸಿಬಿ ಎತ್ತಿಕೊಂಡು ಹೋಗೋಕೆ ಬರುತ್ತಾರೆ. ಡ್ರೈವರ್ ಹುಡುಗನ ಮೇಲೆ ಕೇಸ್ ಬೀಳುತ್ತದೆ, 500 ಹಾಕಿದವರು ಮನೆಯಲ್ಲಿ ಕಾಫಿ ಕುಡಿಯುತ್ತಿರುತ್ತಾರೆ. ದಯವಿಟ್ಟು ಇಂಥದ್ದನ್ನು ಗುಂಪಿನಲ್ಲಿ ಬರೆಯಲೂ ಬೇಡಿ.

ಮಾಜಿ ಅಧ್ಯಕ್ಷರು, 6.47
ನೀವು ಇನ್ನೂ ಸರ್ವಿಸಿನಲ್ಲೇ ಇದ್ದೀರಿ ಅಂದುಕೊಂಡಿದ್ದೀರಾ ಸರ್? 😀

ಮಿಲ್ಕ್ ಬೂತ್, 7.02
ನಾನು ಬೆಳಗ್ಗೆ ಹಾಲು ಹಾಕಲು ಹೋದಾಗ ನೋಡಿದೆ. ಅಗಳ ಎಲ್ಲಾ ಕಡೆ ತುಂಬಿಲ್ಲ. ಕಲ್ಲು ಬೆಂಚಿನ ಹತ್ತಿರ ಮಾತ್ರ ಕಟ್ಟಿಕೊಂಡಿದೆ. ಅಲ್ಲಿ ಮೇಲೆ ಮಣ್ಣು, ಕೆಳಗೆ ಒಂದು ಸಣ್ಣ ಪೈಪು. ಪೈಪಿನ ಬಾಯಿಗೆ ಬರೀ ಅಕೇಶಿಯಾ ದರಗು ಮತ್ತು ಕಾಂಕ್ರೀಟ್ ಚೂರು.

ಕೊನೆಮನೆ ಟೀಚರ್, 7.05
ಆ ಮಣ್ಣು ಹಾಕಿ ವಾಕಿಂಗ್ ದಾರಿ ಮಾಡಿದ್ದು ಯಾರು ಅಂತ ಬೆಂಚಿನ ಮೇಲೆ ಹೆಸರು ಕೆತ್ತಿಸಿದ್ದಾರೆ. ಹೋಗಿ ಓದಿಕೊಳ್ಳಿ.

ಮಾಜಿ ಅಧ್ಯಕ್ಷರು, 7.11
ಹಿರಿಯರು ನಡೆದಾಡಲಿ ಅಂತ ಮಾಡಿದ್ದು. ನಿಮ್ಮ ಅತ್ತೆಯವರೂ ಅಲ್ಲಿ ಕೂತಿದ್ದಾರೆ. ಅಸಲಿಗೆ ಅಗಳಕ್ಕೆ ಡೆಬ್ರಿಸ್ ಸುರಿದವರು ಯಾರು? 2ನೇ ಕ್ರಾಸಿನಲ್ಲಿ ಮೇಲಿನ ಮಹಡಿ ಕಟ್ಟಿಸಿದವರು ಉತ್ತರ ಕೊಡಲಿ.

2ನೇ ಕ್ರಾಸ್ ಎಂಜಿನಿಯರ್, 7.15
ನಮ್ಮದು ಟ್ರ್ಯಾಕ್ಟರ್‌ನಲ್ಲಿ ಹೊರಗೆ ಹೋಗಿದೆ. ಬಾಡಿಗೆ ಕೊಟ್ಟ ಚೀಟಿ ಇದೆ.

ಮಿಲ್ಕ್ ಬೂತ್, 7.16
ಟ್ರ್ಯಾಕ್ಟರ್ ಹೊರಗೆ ಹೋಗಿದ್ದು ನಿಜ. ಎಲ್ಲಿಯವರೆಗೆ ಹೋಯಿತು ಅಂತ ಚೀಟಿಯಲ್ಲಿ ಇದೆಯಾ?

3ನೇ ಕ್ರಾಸ್ ಅಜ್ಜ, 7.30
(ವಿಡಿಯೋ) ಗಾಜನೂರು ಡ್ಯಾಮಿನ ಎಲ್ಲಾ ಗೇಟ್ ತೆಗೆದಿದ್ದಾರೆ!! ಕೋರ್ಪಲಯ್ಯನ ಮಂಟಪ ಮುಳುಗಿದೆ!! ಎಲ್ಲರಿಗೂ ಕಳಿಸಿ!!

ಅಡ್ಮಿನ್, 7.34
ಅಜ್ಜ, ಇದು 2019ರ ನೆರೆಯ ವಿಡಿಯೋ. ದಯವಿಟ್ಟು ಫಾರ್ವರ್ಡ್ ಬೇಡ. ಎಲ್ಲರೂ ವಿಷಯಕ್ಕೆ ಬನ್ನಿ.

ವಕೀಲರು, 8.20
ಒಂದು ಪಾಯಿಂಟ್. 2022ರಲ್ಲಿ ರಾಜ್ಯ ಸರ್ಕಾರ ಡೀಮ್ಡ್ ಫಾರೆಸ್ಟ್ (ನೋಟಿಫಿಕೇಶನ್ ಆಗದಿದ್ದರೂ ಕಾಡು ಅಂತ ಎಣಿಸುವ ಜಾಗ) ಪಟ್ಟಿಯನ್ನು 9.94 ಲಕ್ಷ ಹೆಕ್ಟೇರಿನಿಂದ ಸುಮಾರು 3.3 ಲಕ್ಷಕ್ಕೆ ಇಳಿಸಿತು. ನಮ್ಮ ಹಿಂದಿನ ಜಾಗ ಆ ಪಟ್ಟಿಯಿಂದ ಹೊರಗೆ ಬಂದಿದ್ದರೆ ಕಂದಾಯ ಜಾಗ ಆಗುತ್ತದೆ. ಆಗ ಯಾರ ಅನುಮತಿಯೂ ಬೇಡ. ಪಹಣಿ ತೆಗೆಸಿ ನೋಡಬೇಕು.

ಮಾಜಿ ಅಧ್ಯಕ್ಷರು, 8.21
ಕೇಳಿಸಿಕೊಂಡಿರಾ? ಇದು ಕಾನೂನು!

ಫಾರೆಸ್ಟರ್ ಸರ್ (ರಿಟೈರ್ಡ್), 8.50
ವಕೀಲರೇ, ನಮ್ಮ ಹಿಂದೆ ಇರುವುದು ಡೀಮ್ಡ್ ಅಲ್ಲ. ಹಳೇ ಕಾಲದಲ್ಲೇ ನೋಟಿಫಿಕೇಶನ್ ಆದ ರಿಸರ್ವ್ ಫಾರೆಸ್ಟ್. ಕಲ್ಲು ನಾನೇ ಎಣಿಸಿದ್ದೇನೆ. ಕಂದಾಯ ಜಾಗ ಆದರೂ "ಯಾರ ಅನುಮತಿಯೂ ಬೇಡ" ಅನ್ನುವುದು ಹೇಗೆ? ಚರಂಡಿಗೆ ಪಾಲಿಕೆಯಾದರೂ ಬೇಕಲ್ಲ.

ಒಂದು ಸಲ ಪೂರ್ತಿ ಹೇಳಿಬಿಡುತ್ತೇನೆ, ಬೈಯುವುದಿದ್ದರೆ ಆಮೇಲೆ ಬೈಯಿರಿ. ಕಾಡಿನ ಜಾಗದಲ್ಲಿ ಕಾಡಿಗಲ್ಲದ ಕೆಲಸ ಮಾಡಬೇಕಾದರೆ 1980ರ ಕಾಯ್ದೆ ಪ್ರಕಾರ ಮೊದಲೇ ಕೇಂದ್ರದ ಒಪ್ಪಿಗೆ ಬೇಕು. 2023ರಲ್ಲಿ ಅದನ್ನು ತಿದ್ದಿ ಹೆಸರನ್ನೂ ಬದಲಿಸಿದರು. ಆದರೆ ನಿಯಮದ ಬುಡ ಅದೇ. ಅರವತ್ತು ಮೀಟರ್ ಉದ್ದ, ಮೂರು ಮೀಟರ್ ಅಗಲ ಅಂದರೆ ಎರಡು ಗುಂಟೆಯೂ ಆಗುವುದಿಲ್ಲ. ಆದರೂ ಬೇಕು. ಗುಂಟೆ ಕಡಿಮೆ ಇದೆ ಅಂತ ಕಾಯ್ದೆ ಬಿಡುವುದಿಲ್ಲ.

ಅರ್ಜಿ ಹಾಕಬೇಕಾದದ್ದು ನಮ್ಮ ಸಂಘ ಅಲ್ಲ. ಚರಂಡಿ ಯಾರದ್ದೋ ಅವರು, ಅಂದರೆ ಪಾಲಿಕೆ. ಪರಿವೇಶ್ ಅನ್ನುವ ವೆಬ್‌ಸೈಟಿನಲ್ಲಿ ಹಾಕಬೇಕು. ಅದಕ್ಕೆ ಮೊದಲು ಎರಡೂ ಕಡೆಯವರು ಸೇರಿ ಸರ್ವೆ ಮಾಡಬೇಕು. ಜಾಗದ ನಕ್ಷೆ, ಬೀಳುವ ಮರಗಳ ಪಟ್ಟಿ ಬೇಕು. ಅಲ್ಲಿಂದ ವಿಭಾಗದ ಅರಣ್ಯಾಧಿಕಾರಿ ಡಿಎಫ್‌ಓ, ಆಮೇಲೆ ಅವರ ಮೇಲಿನ ಅರಣ್ಯ ಸರ್ಕಲ್ ಕಚೇರಿ, ಆಮೇಲೆ ಬೆಂಗಳೂರಿನ ಅರಣ್ಯ ಭವನ. ಇಷ್ಟು ಸಣ್ಣದು ದೆಹಲಿಗೆ ಹೋಗುವುದಿಲ್ಲ, ಕೇಂದ್ರದ ಪ್ರಾದೇಶಿಕ ಕಚೇರಿ ಬೆಂಗಳೂರಿನಲ್ಲೇ ಇದೆ. ಒಪ್ಪಿಗೆಯೂ ಎರಡು ಹಂತದಲ್ಲಿ ಬರುತ್ತದೆ. ಮೊದಲನೆಯದರಲ್ಲಿ ಷರತ್ತು ಹಾಕುತ್ತಾರೆ. ಕಾಡಿನ ಬೆಲೆ ಅಂತ ಎನ್‌ಪಿವಿ ಕಟ್ಟಬೇಕು. ಆ ದುಡ್ಡು ಕಾಡು ಮತ್ತೆ ಬೆಳೆಸುವ ಕ್ಯಾಂಪಾ ನಿಧಿಗೆ ಹೋಗುತ್ತದೆ. ಷರತ್ತು ಪೂರೈಸಿದ ಮೇಲೆ ಅಂತಿಮ ಒಪ್ಪಿಗೆ.

ಅರ್ಜಿಯಲ್ಲಿ ಇನ್ನೊಂದು ಪ್ರಶ್ನೆ ಇರುತ್ತದೆ: ಕಾಡಿನ ಹೊರಗೆ ಬೇರೆ ದಾರಿ ಇಲ್ಲವೇ? ಹೆಚ್ಚಿನ ಫೈಲು ಮುಗ್ಗರಿಸುವುದು ಇಲ್ಲೇ.

ಮಿಲ್ಕ್ ಬೂತ್, 9.03
ಶರಾವತಿ ಮುಳುಗಡೆಯಾಗಿ ನಮ್ಮ ಅಜ್ಜ ಎದ್ದು ಬಂದು ಅರವತ್ತು ವರ್ಷ ಆಯಿತು. ಲಿಂಗನಮಕ್ಕಿ ಡ್ಯಾಮ್ ಮುಗಿದದ್ದು 1964ರಲ್ಲಿ. ಕೊಟ್ಟ ಜಾಗ ದಾಖಲೆಯಲ್ಲಿ ಇವತ್ತಿಗೂ ಫಾರೆಸ್ಟ್. ಊರಿಗೆ ಹೋದಾಗೆಲ್ಲ ಜಾಗ ಬಿಡಿಸುವ 64ಎ ನೋಟಿಸಿನ ಮಾತೇ. ನಿಮಗೆ ಚರಂಡಿ ನಿಧಾನ ಆಯಿತು ಅಂತ ಸಿಟ್ಟು.

ಮಾಜಿ ಅಧ್ಯಕ್ಷರು, 9.08
ಅದೇ ನಾನೂ ಹೇಳುವುದು! ಶರಾವತಿಯಲ್ಲಿ ನೀರು ಮೇಲೆತ್ತಿ ಕರೆಂಟ್ ಮಾಡುವ 2000 ಮೆಗಾವ್ಯಾಟ್ ಪಂಪ್ಡ್ ಸ್ಟೋರೇಜ್‌ಗೆ ಕಾಡು ಸಿಗುತ್ತದೆ. ನಮಗೆ ಎರಡು ಗುಂಟೆ ಸಿಗುವುದಿಲ್ಲ. ಹೋರಾಟ ಮಾಡೋಣ. ಸರ್ಕಲ್‌ನಲ್ಲಿ ಕೂರೋಣ. ಬ್ಯಾನರ್ ನಾನು ಮಾಡಿಸುತ್ತೇನೆ.

ಫಾರೆಸ್ಟರ್ ಸರ್ (ರಿಟೈರ್ಡ್), 9.12
ಅದೂ ಇದೇ ಪರಿವೇಶ್ ಬಾಗಿಲಲ್ಲೇ ನಿಂತು ಹೋಗಬೇಕು. ಅವರಿಗೆ ಅರ್ಜಿ ಬರೆಯಲು ಆಫೀಸು ತುಂಬಾ ಜನ ಇದ್ದಾರೆ. ನಮ್ಮ ಕಡೆ ಇನ್ನೂ ಯಾರೂ ಒಂದು ಬಿಳಿ ಹಾಳೆಯಲ್ಲಿ ಕೂಡ ಬರೆದಿಲ್ಲ.

ಕೊನೆಮನೆ ಟೀಚರ್, 9.40
ಈಗ ಏನು ಮಾಡಬೇಕು ಅಂತ ಒಬ್ಬರಾದರೂ ಹೇಳಿ. ನಾನು ನೀರು ಎತ್ತಿಹಾಕುತ್ತಾ ಓದುತ್ತಿದ್ದೇನೆ.

ಫಾರೆಸ್ಟರ್ ಸರ್ (ರಿಟೈರ್ಡ್), 9.52
ಎರಡು ಕೆಲಸ ಬೇರೆ ಬೇರೆ ಮಾಡಿ ಟೀಚರ್. ಅಗಳ ತೋಡುವುದು, ಹೂಳೆತ್ತುವುದು, ಮೋರಿ ಹಾಕುವುದು ಕಾಡು ಕಾಯುವ ಕೆಲಸವಾಗಿದ್ದರೆ ಅದಕ್ಕೆ ಕೇಂದ್ರದ ಒಪ್ಪಿಗೆ ಬೇಡ. ಕಾಯ್ದೆಯಲ್ಲೇ ಬೆಂಕಿ ರೇಖೆ, ಬೇಲಿ, ಮೋರಿ, ಗಡಿ ಅಗಳ ಇವನ್ನೆಲ್ಲಾ ಬಿಟ್ಟಿದ್ದಾರೆ. ಇಲಾಖೆಯೇ ಮಾಡಬಹುದು. ಹಾಗಾಗಿ ಇವತ್ತೇ ಅರಣ್ಯ ಇಲಾಖೆಯ ರೇಂಜ್ ಆಫೀಸಿಗೆ ಹೋಗಿ ಅರ್ಜಿ ಕೊಡಿ. ಹೀಗೆ ಹೀಗೆ, ಅಗಳ ಕಟ್ಟಿಕೊಂಡಿದೆ, ಕಸ ಸುರಿದವರು ನಾವೇ, ಎತ್ತಲು ಸಹಾಯ ಮಾಡುತ್ತೇವೆ, ಅನುಮತಿ ಕೊಡಿ. ಸ್ವೀಕೃತಿ ಸೀಲ್ ಹಾಕಿಸಿಕೊಂಡು ಬನ್ನಿ. ವಾಕಿಂಗ್ ದಾರಿಯ ಮಣ್ಣು, ಬೆಂಚು ಎರಡೂ ಹೋಗಬೇಕಾಗುತ್ತದೆ. ರಿಸರ್ವಿನೊಳಗೆ ಬೆಂಚು ಹಾಕಿದ್ದೇ ತಪ್ಪು, ನಾನು ಆಗಲೂ ಹೇಳಿದ್ದೆ.

ಎರಡನೆಯದು ನಮ್ಮ ಬಡಾವಣೆ ಚರಂಡಿ. ಅದು ಕಾಡಿನ ಕೆಲಸ ಅಲ್ಲ. ಬಡಾವಣೆ ನೀರನ್ನು ಅಗಳಕ್ಕೆ ಬಿಡುವಂತೆಯೂ ಇಲ್ಲ. ಅದಕ್ಕೆ ಬೇರೆ ದಾರಿ ನೋಡಿ.

2ನೇ ಕ್ರಾಸ್ ಎಂಜಿನಿಯರ್, 10.25
ಲೇಔಟಿನ ಹಳೇ ಪ್ಲಾನ್ ನನ್ನ ಹತ್ತಿರ ಇದೆ. ಬೇರೆ ದಾರಿ ಇದೆ ಸರ್. ಪ್ಲಾನ್ ಪ್ರಕಾರ ಚರಂಡಿ ಕಾಡಿನ ಕಡೆ ಹೋಗಬೇಕಾಗಿರಲೇ ಇಲ್ಲ. 4ನೇ ಕ್ರಾಸಿನಿಂದ ತಿರುಗಿ 1ನೇ ಕ್ರಾಸ್ ಮೇಲೆ ಮೇನ್ ರೋಡಿಗೆ, ಅಲ್ಲಿಂದ ರಾಜಕಾಲುವೆಗೆ. ಲೇಔಟ್ ಮಾಡಿದವರು ಖರ್ಚು ಉಳಿಸಲು ಫಾರೆಸ್ಟ್ ಕಲ್ಲಿನ ಹತ್ತಿರ ನಿಲ್ಲಿಸಿ ಹೋಗಿದ್ದಾರೆ. ಇಳಿಜಾರು ಕಡಿಮೆ, ಒಂದು ಅಡಿ ಆಳ ಜಾಸ್ತಿ ತೆಗೆಯಬೇಕು, ಅಷ್ಟೇ. 1ನೇ ಕ್ರಾಸಿನಲ್ಲಿ ಚರಂಡಿ ಮೇಲೆ ಕಾರು ಹತ್ತಿಸಲು ರ‍್ಯಾಂಪ್ ಹಾಕಿದ್ದಾರಲ್ಲ, ಅವನ್ನು ಒಡೆಯಬೇಕು. ದೊಡ್ಡ ರ‍್ಯಾಂಪ್ ಒಂದಿದೆ, ಗ್ರಾನೈಟ್ ಹಾಕಿದ್ದು.

ಮಿಲ್ಕ್ ಬೂತ್, 10.26
🙊

ಮಾಜಿ ಅಧ್ಯಕ್ಷರು, 10.58
ಒಬ್ಬಿಬ್ಬರ ಮನೆ ಮುಂದೆ ಒಡೆಯುವುದು ಪರಿಹಾರ ಅಲ್ಲ. ಆ ಪ್ಲಾನ್ ಹಳೆಯದು, ಲೆವೆಲ್ ಎಲ್ಲಾ ಬದಲಾಗಿದೆ. ಪಾಲಿಕೆ ರಸ್ತೆ ಎತ್ತರಿಸಿದೆ. ಕಾಡಿನ ಮೂಲಕ ಹೋಗುವುದೇ ವೈಜ್ಞಾನಿಕ. ಈಗ ಒಂದು ಮುಖ್ಯ ವಿಷಯ ಕಳಿಸುತ್ತಿದ್ದೇನೆ, ಎಲ್ಲರೂ ಓದಿ. (ಫಾರ್ವರ್ಡ್) "ಅರಣ್ಯ ಹಕ್ಕು ಕಾಯ್ದೆ 2006, ಕಲಂ 3(2): ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ ಭೂಮಿಯನ್ನು ಸಾರ್ವಜನಿಕ ಸೌಲಭ್ಯಕ್ಕೆ ಸ್ಥಳೀಯವಾಗಿಯೇ ಕೊಡಬಹುದು."

ಫಾರೆಸ್ಟರ್ ಸರ್ (ರಿಟೈರ್ಡ್), 11.15
ಫಾರ್ವರ್ಡ್ ಸುಳ್ಳಲ್ಲ, ಅರ್ಧ. ಅದರಲ್ಲಿ 13 ಸೌಲಭ್ಯಗಳ ಪಟ್ಟಿ ಇದೆ. ಶಾಲೆ, ಆಸ್ಪತ್ರೆ, ಅಂಗನವಾಡಿ, ನ್ಯಾಯಬೆಲೆ ಅಂಗಡಿ, ಕರೆಂಟ್ ಲೈನ್, ಕೆರೆ, ಕುಡಿಯುವ ನೀರಿನ ಪೈಪು, ರಸ್ತೆ, ಸಮುದಾಯ ಭವನ ಹೀಗೆ. ಬಡಾವಣೆ ಚರಂಡಿ ಅದರಲ್ಲಿ ಇಲ್ಲ. ಹೆಕ್ಟೇರಿಗೆ 75 ಮರಕ್ಕಿಂತ ಜಾಸ್ತಿ ಬೀಳಬಾರದು, ಗ್ರಾಮಸಭೆ ಶಿಫಾರಸು ಬೇಕು, ಸರ್ಕಾರವೇ ನಡೆಸುವ ಸೌಲಭ್ಯ ಆಗಿರಬೇಕು. ಅದು ಕಾಡಿನಲ್ಲೇ ಬದುಕುವ ಹಳ್ಳಿ, ಹಾಡಿಗಳಿಗೆ ಮಾಡಿದ್ದು. ನಾವು 30x40 ಸೈಟಿನವರು.

ಮಾಜಿ ಅಧ್ಯಕ್ಷರು, 11.19
ಸಮುದಾಯ ಭವನ ಇದೆ ಅಂದಿರಾ?

ಫಾರೆಸ್ಟರ್ ಸರ್ (ರಿಟೈರ್ಡ್), 11.21
ಪಟ್ಟಿಯಲ್ಲಿ ಇದೆ. ನಮಗೆ ಇಲ್ಲ.

ಮಾಜಿ ಅಧ್ಯಕ್ಷರು, 11.26
ಇದೆ ಅಂದ ಮೇಲೆ ಇದೆ. ನೋಡಿ ಸ್ನೇಹಿತರೇ, ನಮ್ಮ ಬಡಾವಣೆಗೆ ಒಂದು ಭವನ ಇಲ್ಲ. ಗಣಪತಿಗೆ ಪ್ರತಿ ವರ್ಷ ಶಾಮಿಯಾನ ಬಾಡಿಗೆ. ನಾಮಕರಣಕ್ಕೆ ಹೊರಗೆ ಹೋಗಬೇಕು. ಭವನ ಬಂದರೆ ಅದರ ಜೊತೆಗೆ ಚರಂಡಿಯೂ ತಾನಾಗಿ ಬರುತ್ತದೆ, ಭವನಕ್ಕೆ ಚರಂಡಿ ಬೇಕಲ್ಲ! ಒಂದೇ ಕಲ್ಲಿಗೆ ಎರಡು ಹಕ್ಕಿ. ಜಾಗ ಬೆಂಚಿನ ಹತ್ತಿರವೇ ಇದೆ.

3ನೇ ಕ್ರಾಸ್ ಅಜ್ಜ, 11.31
👏👏 ಒಳ್ಳೇ ಯೋಚನೆ. ಮೇಲೆ ಭಜನೆಗೆ ಒಂದು ಕೋಣೆ ಇರಲಿ.

2ನೇ ಕ್ರಾಸ್ ಎಂಜಿನಿಯರ್ ಮನೆಯವರು, 11.33
ಅಡುಗೆಮನೆ ದೊಡ್ಡದಾಗಿ ಮಾಡಿಸಿ. ಮತ್ತೆ ರಜೆ ಇತ್ತಂತೆ, ನಾವು ಮಕ್ಕಳನ್ನು ಗೇಟಿನವರೆಗೆ ಕರೆದುಕೊಂಡು ಹೋಗಿ ವಾಪಸ್ ಬಂದೆವು.

ಅಡ್ಮಿನ್, 12.10
ಭಾನುವಾರ ಬೆಳಗ್ಗೆ 7ಕ್ಕೆ ಅಗಳದ ಕಸ ತೆಗೆಯುವ ಶ್ರಮದಾನ. ರೇಂಜ್ ಆಫೀಸಿನ ಅನುಮತಿ ಸಿಕ್ಕರೆ ಮಾತ್ರ. ಬರುವವರು 👍 ಹಾಕಿ.
(👍 31)

ಅಡ್ಮಿನ್, 12.40
31 ಜನಕ್ಕೆ ಧನ್ಯವಾದ. ಅರ್ಜಿ ಕೊಡಲು ಇವತ್ತು ನನ್ನ ಜೊತೆ ರೇಂಜ್ ಆಫೀಸಿಗೆ ಯಾರು ಬರುತ್ತೀರಿ?

ವಕೀಲರು, 1.15
ಇವತ್ತು ಕೋರ್ಟ್ ಇದೆ. "ಕಸ ಸುರಿದವರು ನಾವೇ" ಅಂತ ಮಾತ್ರ ಬರೆಯಬೇಡಿ, ಅದು ತಪ್ಪೊಪ್ಪಿಗೆ ಆಗುತ್ತದೆ.

2ನೇ ಕ್ರಾಸ್ ಎಂಜಿನಿಯರ್, 1.18
ಹೌದು, ಆ ಸಾಲು ಬೇಡ.

ಮಾಜಿ ಅಧ್ಯಕ್ಷರು, 1.22
ಬೆಂಚಿನ ವಿಷಯವೂ ಬೇಡ. ಸುಮ್ನೆ ನಾವೇ ಹೋಗಿ ಯಾಕೆ ಕೆಣಕುವುದು?

ಫಾರೆಸ್ಟರ್ ಸರ್ (ರಿಟೈರ್ಡ್), 1.30
ಹಾಗಾದರೆ ಅರ್ಜಿಯಲ್ಲಿ ಉಳಿಯುವುದು "ಮಾನ್ಯರೇ" ಮತ್ತು "ಇಂತಿ ತಮ್ಮ ವಿಶ್ವಾಸಿ".

ಮಿಲ್ಕ್ ಬೂತ್, 1.42
ನಾಲ್ಕು ಗಂಟೆ ಮೇಲೆ ನಾನು ಫ್ರೀ. ಅಡ್ಮಿನ್ ಅಣ್ಣ, ನಾನು ಬರುತ್ತೇನೆ. ಪೈಪಿನ ಫೋಟೋ ನನ್ನ ಹತ್ತಿರ ಇದೆ.

ಮಾಜಿ ಅಧ್ಯಕ್ಷರು, 2.05
ಫೋಟೋ ಕೊಡುವ ಮೊದಲು ಸಭೆ ಕರೆಯಬೇಕು. ಸಂಘದ ಲೆಟರ್‌ಹೆಡ್ ನನ್ನ ಹತ್ತಿರ ಇದೆ. ಸಭೆ ಆಗದೆ ಕೊಡುವುದಿಲ್ಲ.

ಅಡ್ಮಿನ್, 2.09
ಸಭೆ ಯಾವಾಗ?

ಮಾಜಿ ಅಧ್ಯಕ್ಷರು, 2.12
ಮಳೆ ನಿಲ್ಲಲಿ. ಅಷ್ಟರಲ್ಲಿ "ಸಮುದಾಯ ಭವನ ನಿರ್ಮಾಣ" ಅಂತ ಹೊಸ ಗುಂಪು ಮಾಡಿದ್ದೇನೆ, ಎಲ್ಲರೂ ಸೇರಿ. ಖಜಾಂಚಿ ಆಗಿ ನಮ್ಮ ಟೀಚರಮ್ಮ ಇರಲಿ. ಲೆಕ್ಕ ಶುದ್ಧ ಇರುತ್ತದೆ.

ಕೊನೆಮನೆ ಟೀಚರ್, 2.20
ಮೊದಲ ಲೆಕ್ಕ ಬರೆದುಕೊಳ್ಳಿ. ನೀರೆತ್ತುವ ಪಂಪಿನ ಬಾಡಿಗೆ 800, ಡೀಸೆಲ್ ಬೇರೆ. ಬೆಳಗ್ಗೆ ಘೋಷಿಸಿದ ನಿಮ್ಮ 500 ಕಳಿಸಿ, ಉಳಿದದ್ದು ನಾನು ಹಾಕುತ್ತೇನೆ.

3ನೇ ಕ್ರಾಸ್ ಅಜ್ಜ, 2.31
ಹೊಸ ಗುಂಪಿಗೆ ಸೇರಿದೆ. ಭಜನೆ ಕೋಣೆಗೆ ಲಿಫ್ಟ್ ಇರುತ್ತದಾ? ಮಂಡಿ ನೋವು.